ವಿಗಾರ್ ಅಂದರೆ ಯಾರು? ಕ್ರೈಸ್ತ ಗುರುಗಳ ಬಿರುದುಗಳ ಟಿಪ್ಪಣಿ

ಅನುವಾದ ಕಲಿಯುತ್ತಿದ್ದೇನೆ. ಕಳೆದ ವಾರ ಅಭ್ಯಾಸಕ್ಕೆ ಒಂದು ಕಥೋಲಿಕ ಚರ್ಚಿನ ಇಂಗ್ಲಿಷ್ ಆಮಂತ್ರಣ ಪತ್ರಿಕೆ ಸಿಕ್ಕಿತು. ಕೆಳಗೆ ಮೂವರು ಗುರುಗಳ ಹೆಸರು. ಒಬ್ಬರು ವಿಕಾರ್ ಜನರಲ್, ಇನ್ನೊಬ್ಬರು ಪ್ಯಾರಿಷ್ ಪ್ರೀಸ್ಟ್, ಮೂರನೆಯವರು ಪರೋಕಿಯಲ್ ವಿಕಾರ್. ಮಂಗಳೂರಲ್ಲಿ ಬೆಳೆದವಳು ನಾನು. ಅಲ್ಲಿ ‘ವಿಗಾರ್’ ಅಂದರೆ ಚರ್ಚಿನ ಮುಖ್ಯ ಪಾದ್ರಿ. ಹಾಗಾಗಿ ಮೂರನೆಯವರನ್ನು ‘ಪ್ರಧಾನ ಧರ್ಮಗುರು’ ಅಂತ ಬರೆದೆ. ಅದು ತಪ್ಪು. ಅವರು ಸಹಾಯಕರು. ಪ್ರಧಾನ ಗುರುಗಳು ಎರಡನೆಯವರು.

ಇದು ತಲೆಗೆ ಹೋಗೋಕೆ ನನಗೆ ಎರಡು ದಿನ ಬೇಕಾಯಿತು. ಹಾಗಾಗಿ ನಿಧಾನವಾಗಿ ಬರೆಯುತ್ತೇನೆ.

ಮೂಲ ಪದ ಲ್ಯಾಟಿನ್‌ನ ‘ವಿಕಾರಿಯಸ್’. ಅಂದರೆ ಇನ್ನೊಬ್ಬರ ಬದಲಿಗೆ ನಿಂತು ಕೆಲಸ ಮಾಡುವವನು. ಆ ಪದ ಕಂಡಾಗಲೆಲ್ಲ ಒಂದೇ ಪ್ರಶ್ನೆ ಕೇಳಿ: ಯಾರ ಬದಲಿಗೆ? ಪೋಪ್ ಅವರನ್ನು ಕ್ರಿಸ್ತನ ವಿಕಾರ್ ಅನ್ನುತ್ತಾರೆ, ಕ್ರಿಸ್ತನ ಪರವಾಗಿ. ವಿಕಾರ್ ಜನರಲ್ ಇಡೀ ಧರ್ಮಪ್ರಾಂತ್ಯದಲ್ಲಿ, ಅಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶದಲ್ಲಿ, ಬಿಷಪರ ಪರವಾಗಿ. ಮಂಗಳೂರಿನ ಪತ್ರಿಕೆಗಳು ಇವರನ್ನು ‘ಶ್ರೇಷ್ಠ ಗುರು’ ಅಂತ ಬರೆಯುತ್ತವೆ. ಕೊಂಕಣಿಯ ‘ವಿಗಾರ್ ವಾರ್’ ಅಂದರೆ ಕೆಲವು ಚರ್ಚುಗಳು ಸೇರಿದ ಒಂದು ವಲಯಕ್ಕೆ ಬಿಷಪರ ಪ್ರತಿನಿಧಿ. ಪರೋಕಿಯಲ್ ವಿಕಾರ್ ಒಂದೇ ಚರ್ಚಿನೊಳಗೆ ಪ್ರಧಾನ ಗುರುಗಳಿಗೆ ಹೆಗಲು ಕೊಡುವವರು. 1983ರ ಚರ್ಚ್ ಕಾನೂನಿನಲ್ಲಿ ಪ್ರಧಾನ ಗುರುಗಳ ಹೆಸರು ‘ಪರೋಕಸ್’. ಅಲ್ಲಿ ಅವರಿಗೆ ವಿಕಾರ್ ಅನ್ನುವುದೇ ಇಲ್ಲ.

ಹಾಗಿದ್ದರೆ ನಮ್ಮೂರಿನ ವಿಗಾರ್? ನಾನು ಸಿಕ್ಕಿಬಿದ್ದದ್ದು ಇಲ್ಲೇ. ಆ ಪದ ಬಂದದ್ದು ಪೋರ್ಚುಗೀಸ್‌ನ ‘ವಿಗಾರಿಯೊ’ದಿಂದ, ಗೋವೆಯ ದಾರಿಯಲ್ಲಿ. ಪೋರ್ಚುಗೀಸರ ಬಳಕೆಯಲ್ಲಿ ಅದು ಚರ್ಚು ನಡೆಸುವ ಮುಖ್ಯ ಪಾದ್ರಿಗೇ ಸಲ್ಲುತ್ತಿತ್ತು. ಅದೇ ಅರ್ಥ ಕೊಂಕಣಿಯಲ್ಲಿ ಉಳಿಯಿತು. ಅಂದರೆ ಒಂದೇ ಬೇರಿನ ಪದ ಮಂಗಳೂರಿನ ಮಾತಿನಲ್ಲಿ ಯಜಮಾನ, ಕಾನೂನಿನ ಪುಸ್ತಕದಲ್ಲಿ ಸಹಾಯಕ. ಎರಡೂ ಸರಿ. ಅನುವಾದಕ್ಕೆ ಮುಂಚೆ ಪದವನ್ನಲ್ಲ, ಅದು ಎಲ್ಲಿಂದ ಬಂದ ಕಾಗದ ಅನ್ನುವುದನ್ನು ನೋಡಬೇಕು. ಇಂಗ್ಲೆಂಡಿನ ಆಂಗ್ಲಿಕನ್ ವಿಕಾರ್ ಕಥೆಯೇ ಬೇರೆ. ಊರಿನವರು ಚರ್ಚಿಗೆ ಕೊಡುತ್ತಿದ್ದ ದಶಮಾಂಶದ (ಆದಾಯದ ಹತ್ತನೇ ಒಂದು ಭಾಗ) ದೊಡ್ಡ ಪಾಲು ಆ ಚರ್ಚಿನ ರೆಕ್ಟರ್‌ಗೆ ಹೋಗುತ್ತಿತ್ತು, ಅವರ ಬದಲಿಗೆ ಚರ್ಚು ನೋಡಿಕೊಳ್ಳುವವರು ವಿಕಾರ್. ಅಲ್ಲೂ ಅದೇ ಪ್ರಶ್ನೆ ಕೆಲಸ ಮಾಡುತ್ತದೆ ಅಲ್ವಾ?

ಇನ್ನು ಹೆಸರಿನ ಹಿಂದೆ ಬರುವ ಪದ ಬೇರೆ, ಎದುರು ನಿಂತು ಕರೆಯುವ ಪದ ಬೇರೆ. ‘ಪಾದ್ರಿ’ ಕೂಡ ಪೋರ್ಚುಗೀಸ್‌ನಿಂದ ಬಂದದ್ದು, ‘ತಂದೆ’ ಅಂತ ಅರ್ಥ. ಆದರೆ ಎದುರಿಗೆ ‘ಪಾದ್ರಿಯವರೇ’ ಅಂತ ಸಾಮಾನ್ಯವಾಗಿ ಕರೆಯುವುದಿಲ್ಲ, ಫಾದರ್ ಅನ್ನುತ್ತಾರೆ. ಕೊಂಕಣಿಯಲ್ಲಿ ‘ಬಾಪ್’, ಕನ್ನಡದಲ್ಲಿ ‘ಗುರುಗಳೇ’, ‘ಸ್ವಾಮಿ’. ಪತ್ರಿಕೆಯಲ್ಲಿ ಹೆಸರಿನ ಹಿಂದೆ ‘ವಂ.’ ಕಂಡರೆ ಅದು ವಂದನೀಯ. ‘ಅ.ವಂ.’ ಅಂದರೆ ಅತಿ ವಂದನೀಯ, ಅದು ಬಿಷಪರಿಗೆ. ಬಿಷಪ್ ಅಂದರೆ ಧರ್ಮಾಧ್ಯಕ್ಷ, ಆರ್ಚ್‌ಬಿಷಪ್ ಅಂದರೆ ಮಹಾಧರ್ಮಾಧ್ಯಕ್ಷ. ಹೆಸರಾದ ಮೇಲೆ ‘ಎಸ್.ಜೆ.’ ಇದ್ದರೆ ಅವರು ಯೇಸುಸಭೆಯವರು, ಅಂದರೆ ಜೆಸ್ವಿಟ್ ಗುರುಗಳು. ಅದನ್ನು ಡಿಗ್ರಿ ಅಂದುಕೊಂಡು ಬಿಡಬೇಡಿ.

ಕೆಲವು ಕಥೋಲಿಕ ಗುರುಗಳ ಹೆಸರಿಗೆ ಸೇರುವ ‘ಮೊನ್ಸಿಂಜೊರ್’ ಹುದ್ದೆಯಲ್ಲ, ಗೌರವ. 2014ರಲ್ಲಿ ಪೋಪ್ ಫ್ರಾನ್ಸಿಸ್ ಇದನ್ನು ಬಿಗಿ ಮಾಡಿದರು. ಧರ್ಮಪ್ರಾಂತ್ಯದ ಗುರುಗಳಿಗೆ ಹೊಸದಾಗಿ ಕೊಡುವುದಾದರೆ 65 ವರ್ಷ ದಾಟಿರಬೇಕು.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಫಾದರ್ ಅನ್ನುವುದು ಕಡಿಮೆ. ಮತ್ತಾಯನ 23ನೇ ಅಧ್ಯಾಯದಲ್ಲಿ ಭೂಮಿಯ ಮೇಲೆ ಯಾರನ್ನೂ ತಂದೆ ಅನ್ನಬೇಡಿ ಅಂತ ಯೇಸು ಹೇಳುವ ಮಾತನ್ನು ಅವರು ನೆನೆಸುತ್ತಾರೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ ಸಿ.ಎಸ್.ಐ.ಯಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಪ್ರೆಸ್ಬಿಟರ್ ಇದ್ದಾರೆ, ಕನ್ನಡದಲ್ಲಿ ಸಭಾಪಾಲಕರು. ಹೆಸರಿನ ಹಿಂದೆ ರೆವರೆಂಡ್. ನಿಘಂಟಿನ ಕಿಟ್ಟೆಲ್ ಅವರನ್ನು ರೆವರೆಂಡ್ ಕಿಟ್ಟೆಲ್ ಅನ್ನುವುದು ನಮಗೆಲ್ಲ ರೂಢಿ. ಸಿ.ಎಸ್.ಐ. ಬಿಷಪ್ ‘ರೈಟ್ ರೆವರೆಂಡ್’, ಎಲ್ಲರ ಮೇಲಿನ ಮಾಡರೇಟರ್ ‘ಮೋಸ್ಟ್ ರೆವರೆಂಡ್’. ಆದರೆ ನಮ್ಮ ಕಥೋಲಿಕರಲ್ಲಿ ಸಾಮಾನ್ಯ ಬಿಷಪರಿಗೂ ‘ಮೋಸ್ಟ್ ರೆವರೆಂಡ್’ ಎಂದೇ ಬರೆಯುತ್ತಾರೆ. ಹಾಗಾಗಿ ಬರೀ ಆ ಪದ ನೋಡಿ ಆರ್ಚ್‌ಬಿಷಪ್ ಅಂತ ತೀರ್ಮಾನ ಮಾಡಬೇಡಿ.

ಬೆಳ್ತಂಗಡಿ, ಭದ್ರಾವತಿ, ಮಂಡ್ಯದ ಸಿರೋ ಮಲಬಾರ್ (ಕೇರಳ ಮೂಲದ ಕಥೋಲಿಕ ಸಭೆ) ಬಿಷಪರ ಹೆಸರಿನ ಹಿಂದೆ ‘ಮಾರ್’ ಇರುತ್ತದೆ. ಅದು ಮನೆತನದ ಹೆಸರಲ್ಲ. ಸಿರಿಯಾಕ್ ಭಾಷೆಯಲ್ಲಿ ‘ನನ್ನ ಒಡೆಯ’ ಅಂತ. ಬ್ರಹ್ಮಾವರದ ಸಿರಿಯನ್ ಆರ್ಥೊಡಾಕ್ಸ್ ಸಮುದಾಯ ಕೊಂಕಣಿ ಮಾತಾಡುವವರದ್ದು. ಅವರ ಚರಿತ್ರೆಯಲ್ಲೂ ಆಲ್ವಾರಿಸ್ ಮಾರ್ ಜೂಲಿಯಸ್ ಸಿಗುತ್ತಾರೆ, 1889ರಲ್ಲಿ ಬಿಷಪ್ ಆದವರು. ಆಲ್ವಾರಿಸ್ ಗೋವೆಯ ಕಡೆಯ ಹೆಸರು, ಮಾರ್ ಸಿರಿಯಾಕ್, ಜೂಲಿಯಸ್ ರೋಮಿನದ್ದು. ಒಂದೇ ಹೆಸರಲ್ಲಿ ಮೂರು ಊರು ಕಂಡು ನನಗೆ ತುಂಬಾ ಖುಷಿಯಾಯಿತು.

ನನ್ನ ಆಮಂತ್ರಣ ಪತ್ರಿಕೆಯನ್ನು ಹೀಗೆ ತಿದ್ದಿದೆ: ಶ್ರೇಷ್ಠ ಗುರು, ಪ್ರಧಾನ ಧರ್ಮಗುರು, ಸಹಾಯಕ ಧರ್ಮಗುರು. ಮೂರರಲ್ಲೂ ಹೆಸರಿನ ಹಿಂದೆ ‘ವಂ.’ ಹಾಕಿದೆ.