ಫಾರ್ಮ್ ಡಿಸೈನ್ ಸೇವ್ ಆಗವಲ್ದು: ಈ ತಲೆನೋವಿನ ಮೂಲ ಎಲ್ಲಿ?

ಕಲಬುರಗಿಯ ನೆಹರು ಗಂಜ್‌ನ ಅಡತಿ ಅಂಗಡಿಗಳಲ್ಲಿ, ಊರ ಸುತ್ತಲಿನ ದಾಲ್ ಮಿಲ್‌ಗಳಲ್ಲಿ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಆದ ಆಕ್ಸೆಸ್‌ನ ಹಳೇ ಫೈಲಿನಲ್ಲೇ ಲೆಕ್ಕ ನಡೆಸುವವರು ಇನ್ನೂ ಇದ್ದಾರೆ. ಯಾವತ್ತೋ ಒಬ್ಬ ಹುಡುಗ ಮಾಡಿಕೊಟ್ಟು ಹೋದ ಫೈಲು. ಆವಕ, ತೂಕ, ಹಮಾಲಿ, ದಲಾಲಿ ಎಲ್ಲಾ ಅದರಲ್ಲೇ. ತೊಗರಿ ಸೀಸನ್ ಬಂದಾಗ ಫಾರ್ಮಿಗೆ, ಅಂದರೆ ಲೆಕ್ಕ ತುಂಬುವ ಪರದೆಗೆ, ಒಂದು ಹೊಸ ಕಾಲಂ ಬೇಕಾಗುತ್ತದೆ, ಯಾರೋ ಕೂತು ಹಾಕುತ್ತಾರೆ, ಮುಚ್ಚಿ ತೆಗೆದರೆ ಕಾಲಂ ಮಾಯ. "ಅಣ್ಣಾ, ಡಿಸೈನ್ ಸೇವ್ ಆಗವಲ್ದು ನೋಡ್ರಿ" ಅಂತ ಫೋನ್ ಬರುವುದು ಆವಾಗಲೇ.

ಮೊದಲ ಅನುಮಾನ ವೈರಸ್ ಮೇಲೆ, ಎರಡನೆಯದು ಕರೆಂಟ್ ಮೇಲೆ. ಆಫೀಸ್ ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿಸುವವರೂ ಇದ್ದಾರೆ, ಸುಮ್ನೆ ಅರ್ಧ ದಿನ ದಂಡ. ಬಹಳ ಸಲ ಕಾರಣ ಇರುವುದು 1999ರಲ್ಲಿ ಮೈಕ್ರೋಸಾಫ್ಟ್ ಮಾಡಿದ ಒಂದು ಬದಲಾವಣೆಯಲ್ಲಿ, ಮತ್ತೆ ಒಂದೇ ಫೈಲನ್ನು ಎಲ್ಲರೂ ತೆರೆದು ಕೂರುವ ನಮ್ಮ ಅಭ್ಯಾಸದಲ್ಲಿ.

ಆಕ್ಸೆಸ್ ಮೊದಲು ಬಂದದ್ದು 1992ರ ನವೆಂಬರ್‌ನಲ್ಲಿ. ಟೇಬಲ್ಲು, ಫಾರ್ಮು, ರಿಪೋರ್ಟು, ಕೋಡು ಎಲ್ಲಾ ಒಂದೇ ಫೈಲಿನಲ್ಲಿ ಸಿಗುತ್ತದೆ ಅನ್ನೋದೇ ಅದರ ದೊಡ್ಡ ಅನುಕೂಲ. ಆಕ್ಸೆಸ್ 97ರ ತನಕ ಒಂದೊಂದು ಫಾರ್ಮೂ ಬಿಡಿಬಿಡಿಯಾಗಿ ಸೇವ್ ಆಗುತ್ತಿತ್ತು. ಮುಂದಿನ ಟೇಬಲ್ಲಿನವರು ಆವಕ ತುಂಬುತ್ತಾ ಇದ್ದರೂ, ಅವರು ತೆರೆಯದ ಬೇರೆ ಫಾರ್ಮನ್ನು ನೀವು ಇಲ್ಲಿ ಕೂತು ತಿದ್ದಿ ಉಳಿಸಬಹುದಿತ್ತು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರುತ್ತಿರಲಿಲ್ಲ.

ಆಕ್ಸೆಸ್ 2000 ಬಂದಾಗ ಚಿತ್ರ ಬದಲಾಯಿತು. ವರ್ಡ್, ಎಕ್ಸೆಲ್‌ನಲ್ಲಿದ್ದ ವಿಬಿಎ ಎಡಿಟರನ್ನೇ (ಕೋಡು ಬರೆಯುವ ಜಾಗ) ಆಕ್ಸೆಸ್‌ಗೂ ಕೊಟ್ಟರು. ಅದರ ಜೊತೆಗೆ ಎಲ್ಲಾ ಫಾರ್ಮು, ರಿಪೋರ್ಟು, ಮಾಡ್ಯೂಲು (ಕೋಡಿನ ಕಟ್ಟು) ಸೇರಿ ಒಂದೇ ಪ್ರಾಜೆಕ್ಟ್ ಆಗಿ, ಒಟ್ಟಿಗೇ ಸೇವ್ ಆಗುವ ಪದ್ಧತಿ ಬಂತು. ಒಂದು ಬಟನ್ನಿನ ಬಣ್ಣ ಬದಲಿಸಿದರೂ ಇಡೀ ಗಂಟನ್ನೇ ಹೊಸದಾಗಿ ಬರೆಯಬೇಕು, ಹಾಗೆ ಬರೆಯುವಾಗ ಬೇರೆ ಯಾರೂ ಆ ಫೈಲಿನೊಳಗೆ ಇರಬಾರದು. ಅದಕ್ಕೇ ಆ ಎಚ್ಚರಿಕೆ ಬರುತ್ತದೆ: ಫೈಲು ಈಗ ನಿಮ್ಮೊಬ್ಬರ ಕೈಯಲ್ಲಿಲ್ಲ, ಬದಲಾವಣೆ ಮಾಡಿದರೆ ಆಮೇಲೆ ಸೇವ್ ಆಗದೆ ಇರಬಹುದು. ನಮ್ಮವರು ಅದನ್ನು ಓದದೆ ಓಕೆ ಒತ್ತಿ ಮುಂದೆ ಹೋಗುತ್ತಾರೆ. ಇದೇ ಆವೃತ್ತಿಯಲ್ಲಿ ಮಾಹಿತಿ ಇಟ್ಟುಕೊಳ್ಳುವ ಜೆಟ್ 4 ಇಂಜಿನ್ ಜೊತೆ ಯೂನಿಕೋಡ್ (ಎಲ್ಲಾ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ) ಕೂಡ ಬಂತು ಅನ್ನೋದನ್ನೂ ಹೇಳಬೇಕು, ಟೇಬಲ್ಲಿನಲ್ಲಿ ಕನ್ನಡವನ್ನು ಕನ್ನಡವಾಗಿಯೇ ಇಡುವ ದಾರಿ ತೆರೆದದ್ದು ಅದು.

2007ರಲ್ಲಿ ಫೈಲಿನ ಹೆಸರಿನ ಕೊನೆ ಎಂಡಿಬಿಯಿಂದ ಎಸಿಸಿಡಿಬಿ ಆಯಿತು, ಮಾಹಿತಿ ಕಾಣುತ್ತಿರುವಾಗಲೇ ಫಾರ್ಮನ್ನು ತಿದ್ದುವ ಲೇಔಟ್ ವ್ಯೂ ಬಂತು. ಒಟ್ಟಿಗೇ ಸೇವ್ ಮಾಡುವ ಪದ್ಧತಿ ಮಾತ್ರ ಹಾಗೇ ಉಳಿಯಿತು.

ಎಷ್ಟೋ ವರ್ಷ ಯಾರೂ ಡಿಸೈನ್ ಮುಟ್ಟದೇ ಇದ್ದರೆ ಇದು ಗೊತ್ತಾಗುವುದೂ ಇಲ್ಲ. ಮುಟ್ಟಲೇಬೇಕಾಗಿ ಬಂದದ್ದು 2017ರ ಜುಲೈ 1ಕ್ಕೆ, ಜಿಎಸ್‌ಟಿ ಬಂದಾಗ. ಬ್ರ್ಯಾಂಡ್ ಇರುವ ಬೇಳೆಗೆ ಶೇ 5, ಬ್ರ್ಯಾಂಡ್ ಇಲ್ಲದ್ದಕ್ಕೆ ತೆರಿಗೆ ಇಲ್ಲ. ಬಿಲ್ ಫಾರ್ಮಿನಲ್ಲಿ ಅದಕ್ಕೆ ಜಾಗ ಬೇಕಲ್ವಾ? 2022ರ ಜುಲೈ 18ರಿಂದ ಲೆಕ್ಕ ಮತ್ತೆ ಬದಲಾಗಿ, 25 ಕಿಲೋ ತನಕದ ಲೇಬಲ್ ಹಾಕಿದ ಪ್ಯಾಕೆಟ್ಟಿಗೆ ಶೇ 5 ಅಂತಾಯಿತು. 30 ಕಿಲೋ ಚೀಲಕ್ಕೆ ಒಂದು ಲೆಕ್ಕ, ಒಂದು ಕಿಲೋ ಪ್ಯಾಕೆಟ್ಟಿಗೆ ಇನ್ನೊಂದು. ಇಂಥ ಹೊತ್ತಿನಲ್ಲೇ ಕೌಂಟರಿನವರು, ಗೋದಾಮಿನವರು, ಮಾಲೀಕರ ಮಗ, ಮೂರೂ ಜನ ಅದೇ ಫೈಲನ್ನು ತೆರೆದುಕೊಂಡಿರುತ್ತಾರೆ.

ಒಳಗೆ ಯಾರಿದ್ದಾರೆ ಅಂತ ನೋಡುವುದು ಸುಲಭ. ಡೇಟಾಬೇಸ್ ಇರುವ ಫೋಲ್ಡರಿನಲ್ಲೇ ಅದೇ ಹೆಸರಿನ, ಎಲ್‌ಎಸಿಸಿಡಿಬಿ ಅಂತ ಕೊನೆಯಾಗುವ ಒಂದು ಸಣ್ಣ ಫೈಲು ಇರುತ್ತದೆ, ಹಳೇ ಎಂಡಿಬಿಯಾದರೆ ಎಲ್‌ಡಿಬಿ. ಬೀಗದ ಗುರುತು ಇರುವ ಈ ಫೈಲಿನ ಒಂದು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ತೆಗೆಯಿರಿ. ಕಂಪ್ಯೂಟರುಗಳ ಹೆಸರು, ಪ್ರತಿ ಹೆಸರಿನ ಪಕ್ಕ ಅಡ್ಮಿನ್ ಅಂತ ಸಾಲಾಗಿ ಕಾಣುತ್ತದೆ. ಒಂದು ಎಚ್ಚರ: ಹೊರಗೆ ಹೋದವರ ಹೆಸರೂ ಅಲ್ಲೇ ಉಳಿದಿರಬಹುದು. ಎಲ್ಲರೂ ಮುಚ್ಚಿದ ಮೇಲೆ ಈ ಫೈಲು ತಾನಾಗಿ ಅಳಿಯಬೇಕು. ಅಳಿಯದಿದ್ದರೆ ಯಾವುದೋ ಮೂಲೆಯ ಕಂಪ್ಯೂಟರಿನಲ್ಲಿ ಇನ್ನೂ ತೆರೆದಿದೆ, ಇಲ್ಲಾ ಫೋಲ್ಡರಿನಲ್ಲಿ ಅಳಿಸುವ ಅನುಮತಿ ಕೊಟ್ಟಿಲ್ಲ. ಬರೆಯುವ ಅನುಮತಿಯೇ ಇಲ್ಲದಿದ್ದರೆ ಕತೆ ಬೇರೆ, ಫೈಲು ಬರೀ ಓದುವುದಕ್ಕೆ ಮಾತ್ರ ತೆರೆಯುತ್ತದೆ.

ಎಲ್ಲಾ ತೊಂದರೆಗೂ ಇದೇ ಕಾರಣ ಅಂತಲೂ ಅಲ್ಲ. ಕೈಯಲ್ಲಿರುವುದು ಡಿಸೈನ್‌ಗೆ ಬೀಗ ಹಾಕಿ ಕೊಟ್ಟ ಎಸಿಸಿಡಿಇ ಫೈಲಾದರೆ ಫಾರ್ಮು, ರಿಪೋರ್ಟು, ಕೋಡು ಯಾವುದನ್ನೂ ತಿದ್ದಲು ಬರುವುದಿಲ್ಲ, ಮಾಡಿಕೊಟ್ಟವರ ಹತ್ತಿರ ಮೂಲ ಫೈಲನ್ನೇ ಕೇಳಬೇಕು. ಜಿಪ್ ಬಿಡಿಸದೆ ಅದರೊಳಗಿಂದಲೇ ಫೈಲು ತೆರೆದರೆ ನೀವು ತಿದ್ದುವುದು ತಾತ್ಕಾಲಿಕ ಕಾಪಿಯನ್ನು. ಇನ್ನೊಂದು ಸ್ವಲ್ಪ ಮೋಸದ್ದು: ಡಿಸೈನ್ ಸರಿಯಾಗೇ ಸೇವ್ ಆಗಿರುತ್ತದೆ, ಆದರೆ ಫಾರ್ಮ್ ತೆರೆಯುವಾಗ ಓಡುವ ಕೋಡು ಹಳೇ ಹೆಸರನ್ನು, ಹಳೇ ಬಣ್ಣವನ್ನು ತಂದು ಕೂರಿಸುತ್ತದೆ. ಫಾರ್ಮಿನ ಆನ್ ಓಪನ್, ಆನ್ ಲೋಡ್ ಅನ್ನೋ ಜಾಗಗಳಲ್ಲಿರುವ ಆ ಕೋಡನ್ನು ನೋಡದೆ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ಕಡೆ ಜಾಸ್ತಿ ಕಾಣುವುದು ನುಡಿ ಫಾಂಟಿನ ಗೊಂದಲ. ಹಳೇ ನುಡಿ ಫಾಂಟಿನಲ್ಲಿ ಲೇಬಲ್ ಬರೆದು ಸೇವ್ ಮಾಡಿ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಡಿಸೈನ್ ಹಾಳಾಯಿತು ಅಂತ ಮತ್ತೆ ಬರೆಯಲು ಕೂರುತ್ತಾರೆ. ಫಾಂಟ್ ಹಾಕಿ, ಇಲ್ಲವೇ ಯೂನಿಕೋಡ್‌ಗೆ ಬನ್ನಿ.

ಫೈಲೇ ಕೆಟ್ಟಿದ್ದರೆ ಮೊದಲು ಒಂದು ಕಾಪಿ ಇಟ್ಟುಕೊಂಡು ಆಕ್ಸೆಸ್‌ನಲ್ಲೇ ಇರುವ ಕಾಂಪ್ಯಾಕ್ಟ್ ಆ್ಯಂಡ್ ರಿಪೇರ್ ಮಾಡಿ. ಆಗಲಿಲ್ಲ ಅಂದರೆ ಹೊಸ ಖಾಲಿ ಡೇಟಾಬೇಸ್ ಮಾಡಿ ಎಲ್ಲವನ್ನೂ ಇಂಪೋರ್ಟ್ ಮಾಡಿಕೊಳ್ಳಿ. ಕೋಡಿನ ಹಳೇ ಕಂಪೈಲ್ ಆದ ರೂಪವನ್ನು ತೆಗೆದುಹಾಕುವ ಡಿಕಂಪೈಲ್ ಅಂತ ಒಂದು ಸ್ವಿಚ್ಚೂ (ಆಕ್ಸೆಸ್ ಶುರು ಮಾಡುವಾಗ ಕೊಡುವ ಆಜ್ಞೆ) ಇದೆ, ಅಧಿಕೃತವಾಗಿ ಹೇಳಿಕೊಡದ ದಾರಿ, ಅದನ್ನು ಕಾಪಿಯ ಮೇಲೆ ಮಾತ್ರ ಓಡಿಸಿ.

ಮೂಲ ಕಾಯಿಲೆಗೆ ಮದ್ದು ಮಾತ್ರ ಒಂದೇ: ಫೈಲನ್ನು ಎರಡು ಮಾಡಬೇಕು. ಟೇಬಲ್ಲುಗಳು ಒಂದು ಫೈಲಿನಲ್ಲಿ, ಎಲ್ಲರಿಗೂ ಸಿಗುವ ಫೋಲ್ಡರಿನಲ್ಲಿ. ಫಾರ್ಮು, ರಿಪೋರ್ಟು, ಕೋಡು ಇನ್ನೊಂದರಲ್ಲಿ, ಅದರ ಒಂದೊಂದು ಕಾಪಿ ಒಬ್ಬೊಬ್ಬರ ಕಂಪ್ಯೂಟರಿನಲ್ಲಿ. ಹೀಗೆ ಬೇರೆ ಮಾಡುವ ವಿಝಾರ್ಡ್ ಆಕ್ಸೆಸ್‌ನಲ್ಲೇ ಇದೆ. ಅನೇಕರು ಇದಕ್ಕೆ ಒಪ್ಪುವುದಿಲ್ಲ, "ಒಂದೇ ಫೈಲ್ ಇರ್ಲಿ ಬಿಡ್ರಿ, ಬ್ಯಾಕಪ್‌ಗೆ ಸುಲಭ" ಅನ್ನುತ್ತಾರೆ. ಬ್ಯಾಕಪ್ ಬೇಕಾಗುವುದು ಮುಖ್ಯವಾಗಿ ಟೇಬಲ್ಲಿನ ಫೈಲಿಗೆ, ಅದು ಆಗಲೂ ಒಂದೇ ಇರುತ್ತದೆ.

ಬೇರೆ ಮಾಡಿದ ಮೇಲೂ ಇದೇ ದೂರು ಇನ್ನೊಂದು ವೇಷದಲ್ಲಿ ಬರಬಹುದು. ಹೊಸ ಕಾಪಿ ಎಲ್ಲರಿಗೂ ತಲುಪಲಿ ಅಂತ ಬೆಳಿಗ್ಗೆ ಕಂಪ್ಯೂಟರ್ ಶುರುವಾದಾಗ ಓಡುವ ಬ್ಯಾಚ್ ಫೈಲ್ (ಆಜ್ಞೆಗಳ ಪಟ್ಟಿ) ಹಾಕಿರುತ್ತಾರೆ, ಅದು ಸರ್ವರಿನ ಫಾರ್ಮ್ ಫೈಲನ್ನು ತಂದು ಹಳೆಯದರ ಮೇಲೆ ಬರೆಯುತ್ತದೆ. ಕೌಂಟರಿನ ಹುಡುಗ ಸಂಜೆ ತನ್ನ ಕಾಪಿಯಲ್ಲೇ ಕಾಲಂ ಸೇರಿಸಿ, ಸೇವ್ ಆಯಿತು ಅಂತ ನೋಡಿಯೇ ಮನೆಗೆ ಹೋಗಿರುತ್ತಾನೆ. ಮರುದಿನ ಅದು ಇರುವುದಿಲ್ಲ. ತಿದ್ದುವುದಾದರೆ ಸರ್ವರಿನ ಮೂಲ ಕಾಪಿಯನ್ನೇ ತಿದ್ದಬೇಕು, ಫಾರ್ಮಿನ ಮೂಲೆಯಲ್ಲಿ ಆವೃತ್ತಿ ನಂಬರ್ ಒಂದನ್ನು ಹಾಕಿಟ್ಟರೆ ಯಾರು ಯಾವ ಕಾಪಿಯಲ್ಲಿದ್ದಾರೆ ಅಂತ ಫೋನಿನಲ್ಲೇ ಕೇಳಿ ತಿಳಿಯಬಹುದು.