ಸಿಹಿ ಮದ್ದಿನೊಳಗಿನ ಹುಳಿ: ಹಾಲುಹಲ್ಲಿನ ಎನಾಮಲ್ ಬಗ್ಗೆ ಒಂದು ಟಿಪ್ಪಣಿ

ಹಲ್ಲಿನ ಡಾಕ್ಟರಿಕೆ ಓದುವ ನನಗೆ ಈ ಪಾಠ ತಲೆಗೆ ಹತ್ತಿದ್ದು ಬದಿಯಡ್ಕದ ಅಕ್ಕನ ಮನೆಯಲ್ಲಿ, ಪುನರ್ಪುಳಿ ಶರಬತ್ತು ಕುಡಿಯುತ್ತಾ ಕೂತಿದ್ದಾಗ. ಪುನರ್ಪುಳಿ ಬರೀ ಬಾಯಿಗೆ ಹಾಕಿದರೆ ಮುಖ ಕಿವುಚಿಕೊಳ್ಳುತ್ತದೆ ಅಲ್ವಾ? ನಾಲ್ಕು ಚಮಚ ಸಕ್ಕರೆ ಹಾಕಿದರೆ ಗಟಗಟ ಇಳಿಯುತ್ತದೆ. ಹಾಗಂತ ಹುಳಿ ಎಲ್ಲಿಗೂ ಹೋಗಿರುವುದಿಲ್ಲ, ನಾಲಿಗೆಗೆ ಗೊತ್ತಾಗುವುದಿಲ್ಲ ಅಷ್ಟೇ. ಮಕ್ಕಳ ಎಷ್ಟೋ ಸಿರಪ್‌ಗಳದ್ದೂ ಇದೇ ಕತೆ. ಮದ್ದು ಕೆಡದಿರಲಿ, ರುಚಿ ಹಿಡಿಸಲಿ ಅಂತ ಸಿಟ್ರಿಕ್ ಆಮ್ಲ ಸೇರಿಸುತ್ತಾರೆ. ಮೇಲಿಂದ ಸಿಹಿ ಹಾಕುತ್ತಾರೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಸಕ್ಕರೆ ತಿಂದ ಬ್ಯಾಕ್ಟೀರಿಯಾ ಆಮ್ಲ ಮಾಡಿ, ಅದರಿಂದ ಹಲ್ಲು ಕೆಟ್ಟರೆ ಅದು ಹುಳುಕು. ಬ್ಯಾಕ್ಟೀರಿಯಾದ ಕೈವಾಡವೇ ಇಲ್ಲದೆ, ಬಾಯಿಗೆ ಬಂದ ಆಮ್ಲವೇ ನೇರವಾಗಿ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಕರಗಿಸಿದರೆ ಅದು ಇರೋಷನ್. ಕನ್ನಡದಲ್ಲಿ 'ಸವೆತ' ಅಂದರೆ ಹಲ್ಲು ಕಡಿದು ಸವೆದದ್ದೂ ಆಯಿತು, ಬ್ರಶ್ ತಿಕ್ಕಿ ಸವೆದದ್ದೂ ಆಯಿತು. ಅದಕ್ಕೆ ನಾನು ನೋಟ್ಸಿನಲ್ಲಿ 'ಹುಳಿಸವೆತ' ಅಂತ ಬರೆದುಕೊಂಡಿದ್ದೇನೆ. ಈಗ ಯೋಚಿಸಿ: 'ಶುಗರ್ ಫ್ರೀ' ಸಿರಪ್ ಹುಳುಕಿನ ಭಯ ಕಡಿಮೆ ಮಾಡುತ್ತದೆ, ಹುಳಿಸವೆತದ್ದಲ್ಲ. ಲೇಬಲ್ ನೋಡಿ ನೆಮ್ಮದಿಯಾಗುವ ಅಮ್ಮಂದಿರಿಗೆ ಇದನ್ನು ಹೇಳಲೇಬೇಕು.

ಎನಾಮಲ್ ಕರಗಲು ಶುರುವಾಗುವುದು ಪಿಎಚ್ (ಹುಳಿ ಅಳೆಯುವ ಅಂಕಿ) ಸುಮಾರು 5.5ಕ್ಕಿಂತ ಕೆಳಗಿಳಿದಾಗ. ಪಿಎಚ್ ಒಂದಂಕಿ ಇಳಿದರೆ ಆಮ್ಲತೆ 10 ಪಟ್ಟು ಏರುತ್ತದೆ. 5.5ರಿಂದ 3.5ಕ್ಕೆ ಬಂದರೆ 100 ಪಟ್ಟು! ಆದರೆ 5.5 ಅನ್ನುವುದು ಕಲ್ಲಿನಲ್ಲಿ ಕೊರೆದ ಗೆರೆಯಲ್ಲ. ಮೊಸರಿನ ಪಿಎಚ್ 4ರ ಆಸುಪಾಸು, ಆದರೂ ಮೊಸರನ್ನದಿಂದ ಹಲ್ಲು ಕರಗುವುದಿಲ್ಲ. ಅದರಲ್ಲೇ ಕ್ಯಾಲ್ಸಿಯಂ, ಫಾಸ್ಫೇಟ್ ಧಾರಾಳವಾಗಿವೆ, ಹಾಗಾಗಿ ಹಲ್ಲಿನಿಂದ ಅವು ಹೊರಬರುವುದಿಲ್ಲ. ಸಿಟ್ರಿಕ್ ಆಮ್ಲ ಇದಕ್ಕೆ ಪೂರ್ತಿ ಉಲ್ಟಾ. ಆಮ್ಲವಾಗಿ ಕರಗಿಸುತ್ತದೆ, ಜೊತೆಗೆ ಅದರ ಸಿಟ್ರೇಟ್ ಭಾಗ ಹಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಎರಡೂ ಕಡೆಯಿಂದ ಪೆಟ್ಟು.

ಹಾಲುಹಲ್ಲಿಗೆ ಈ ಪೆಟ್ಟು ಜಾಸ್ತಿ ತಾಗಲು ಕಾರಣವಿದೆ. ಅದರ ಎನಾಮಲ್ ಶಾಶ್ವತ ಹಲ್ಲಿನದರ ಸುಮಾರು ಅರ್ಧದಷ್ಟೇ ದಪ್ಪ. ಕರಗಿದರೆ ಒಳಗಿನ ಡೆಂಟಿನ್ ಅನ್ನುವ ಮೆದು ಪದರ ಬೇಗ ಕಾಣಿಸಿಕೊಳ್ಳುತ್ತದೆ. 'ಹೇಗೂ ಬಿದ್ದುಹೋಗುವ ಹಲ್ಲು' ಅನ್ನುತ್ತಾರೆ. ಹಾಲಿನ ದವಡೆಹಲ್ಲುಗಳು 10–12 ವರ್ಷದವರೆಗೂ ಬಾಯಲ್ಲಿರುತ್ತವೆ ಮಾರಾಯ್ರೇ!

ಅಕ್ಕನ ಮಗನಿಗೆ ಎರಡೂವರೆ ವರ್ಷ. ಆಟಿ ತಿಂಗಳ ಮಳೆ ಹಿಡಿದರೆ ಶೀತ, ಕೆಮ್ಮು ಬಿಡುವುದೇ ಇಲ್ಲ. ರಾತ್ರಿ ನಿದ್ದೆಗಣ್ಣಿನಲ್ಲೇ ಒಂದು ಮುಚ್ಚಳ ಸಿರಪ್, ಹಾಗೇ ಮಲಗಿಸುವುದು. ಇದು ತೀರಾ ಕೆಟ್ಟ ಹೊತ್ತು. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ ಸುರಿಯುತ್ತದೆ. ಆಮ್ಲವನ್ನು ತೊಳೆದು ತಟಸ್ಥಗೊಳಿಸುವುದು ಆ ಜೊಲ್ಲೇ. ಶೀತದ ಸಿರಪ್‌ನಲ್ಲಿ ಕ್ಲೋರ್‌ಫೆನಿರಮೈನ್‌ನಂಥದ್ದು (ಮೂಗು ಸೋರುವುದನ್ನು ತಡೆಯುವ ಮದ್ದು) ಇದ್ದರೆ ಅದು ಬಾಯಿಯನ್ನು ಇನ್ನೂ ಒಣಗಿಸುತ್ತದೆ. ಅಂಟು ಸಿರಪ್, ಒಣ ಬಾಯಿ, ಇಡೀ ರಾತ್ರಿ.

ನಾನು ಇಷ್ಟೆಲ್ಲ ಹೇಳಿ, "ಕುಡಿಸಿದ ಮೇಲೆ ಬಾಯಿ ತೊಳೆಸು ಅಕ್ಕ" ಅಂದೆ. "ಮಲಗಿದವನನ್ನು ಎಬ್ಬಿಸಿ ಬಾಯಿ ತೊಳೆಸುವುದಾ? ನಿನಗೆ ಮಕ್ಕಳಿಲ್ಲ ಮಾರಾಯ್ತಿ, ಅದಕ್ಕೆ ಹೀಗೆ ಹೇಳ್ತಿ" ಅಂದಳು. ಮಾತು ಸರಿಯೇ. ಕೊನೆಗೆ ಡಾಕ್ಟರನ್ನು ಕೇಳಿ, ರಾತ್ರಿಯ ಡೋಸನ್ನು ಊಟದ ಹೊತ್ತಿಗೆ ತಂದಳು. ಊಟದ ಹೊತ್ತಿಗೆ ಜೊಲ್ಲು ಚೆನ್ನಾಗಿ ಬರುತ್ತದೆ. ಎಲ್ಲ ಮದ್ದನ್ನೂ ಊಟದ ಜೊತೆ ಕೊಡುವ ಹಾಗಿಲ್ಲ, ಅದಕ್ಕೇ ಕೇಳಬೇಕು. ಮುಚ್ಚಳದ ಬದಲು ಸೂಜಿಯಿಲ್ಲದ ಸಿರಿಂಜ್‌ನಲ್ಲಿ, ಕೆನ್ನೆಯ ಒಳಬದಿಗೆ, ದವಡೆಹಲ್ಲಿನ ಹಿಂದೆ ಮೆಲ್ಲಗೆ ಬಿಟ್ಟರೆ ಮುಂದಿನ ಹಲ್ಲುಗಳಿಗೆ ಅಷ್ಟು ತಾಗುವುದಿಲ್ಲ. ಗಂಟಲಿಗೆ ನೇರ ಚಿಮ್ಮಿಸಬಾರದು, ನೆತ್ತಿಗೇರುತ್ತದೆ. ಆಮೇಲೆ ಎರಡು ಗುಟುಕು ನೀರು. ಹಾಲಿನ ಬಾಟಲಿಗೆ ಮದ್ದು ಬೆರೆಸುವುದು ಬೇಡ.

ಸಿರಪ್ ಕುಡಿದ ಕೂಡಲೇ ಬ್ರಶ್ ಮಾಡಿಸುವುದೂ ತಪ್ಪು. ಆಮ್ಲ ತಾಗಿದ ಎನಾಮಲ್ ಮೆತ್ತಗಾಗಿರುತ್ತದೆ, ತಿಕ್ಕಿದರೆ ಹೋಗುತ್ತದೆ. ಅರ್ಧ ಗಂಟೆಯಾದರೂ ಬಿಡಬೇಕು. ಪೇಸ್ಟ್ ಫ್ಲೋರೈಡ್ ಇರುವುದು, 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು.

ಮೂರು ದಿನದ ಜ್ವರದ ಮದ್ದಿಗೆ ಹೆದರಿ ಕೂರುವುದು ಬೇಡ. ಎಲ್ಲ ಸಿರಪ್ ಹುಳಿಯೂ ಅಲ್ಲ. ನಾವು ಕೇಳಬೇಕಾದ್ದು ತಿಂಗಳುಗಟ್ಟಲೆ ದಿನಾ ಸಿರಪ್ ಕುಡಿಯುವ ಮಕ್ಕಳ ಬಗ್ಗೆ. ಅವರಿಗೂ ಮದ್ದು ನಿಲ್ಲಿಸಿ ಅನ್ನುವಂತಿಲ್ಲ. ಬದಲಿ ಇದೆಯಾ ಅಂತ ಡಾಕ್ಟರ ಹತ್ತಿರ ಕೇಳಿಸಬೇಕು, ಹಲ್ಲನ್ನು ಆಗಾಗ ನೋಡುತ್ತಿರಬೇಕು. ಮುಂದಿನ ಹಲ್ಲಿನ ಅಂಚು ಗಾಜಿನ ಹಾಗೆ ಪಾರದರ್ಶಕ, ಮೇಲ್ಮೈ ನುಣುಪು ಹೊಳಪು, ದವಡೆಹಲ್ಲಿನ ಮೊನೆಗಳಲ್ಲಿ ಸಣ್ಣ ಬಟ್ಟಲಿನಂಥ ಗುಳಿ: ಇವು ಹುಳಿಸವೆತದ ಗುರುತು.

ಕಬ್ಬಿಣದ ಡ್ರಾಪ್ಸ್ ಕುಡಿಯುವ ಮಗುವಿನ ಹಲ್ಲು ಕಪ್ಪಾಗಿದ್ದರೆ ಅದು ಹೆಚ್ಚಾಗಿ ಬರೀ ಕಲೆ, ಕ್ಲೀನ್ ಮಾಡಿದರೆ ಹೋಗುತ್ತದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಅವಸರಪಟ್ಟು ಅದನ್ನೂ ಇರೋಷನ್ ಅಂದುಬಿಡಬೇಡಿ. ನಾನು ಅಂದಿದ್ದೆ.