ಹಳೆಯ ಕಾರಂಜಿ: ನೀರಿನ ಮಟ್ಟ, ಸೋರಿಕೆ, ಗಾರೆ

ವೃತ್ತದ ನಡುವಿನ ಹಳೆಯ ಕಾರಂಜಿ ಕಂಡರೆ ಕಣ್ಣು ಮೊದಲು ಶಿಲ್ಪದತ್ತ ಹೋಗುತ್ತದೆ. ಆದರೆ ಕಾರಂಜಿಯ ರೂಪವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ನೀರು ಬರುವ ಎತ್ತರ. ಪಂಪು ಇಲ್ಲದಿದ್ದರೆ ಚಿಮ್ಮುವ ನೀರು ಮೂಲದ ಮಟ್ಟವನ್ನು ದಾಟಲಾರದು. ಪೈಪಿನ ಘರ್ಷಣೆಯಿಂದ ಇನ್ನಷ್ಟು ತಗ್ಗುತ್ತದೆ.

ರೋಮಿನ ಟ್ರೆವಿ ಕಾರಂಜಿ ಇದಕ್ಕೆ ಒಳ್ಳೆಯ ಪಾಠ. ಅದಕ್ಕೆ ನೀರು ತರುವ, ಕ್ರಿ.ಪೂ. 19ರಲ್ಲಿ ರೋಮನ್ ಸೇನಾನಿ ಅಗ್ರಿಪ್ಪ ತರಿಸಿದ ವಿರ್ಗೊ ಕಾಲುವೆ ಸುಮಾರು 20 ಕಿ.ಮೀ. ಹರಿದರೂ ಅದರ ಇಳಿಜಾರು ಕೆಲವೇ ಮೀಟರು. ಹಾಗಾಗಿ 1732ರಲ್ಲಿ ಕೆಲಸ ಶುರುಮಾಡಿದ ವಾಸ್ತುಶಿಲ್ಪಿ ನಿಕೋಲಾ ಸಾಲ್ವಿ ನೀರನ್ನು ಬಂಡೆಗಳ ಮೇಲೆ ಅಗಲವಾಗಿ ಹರಿಯಬಿಟ್ಟ. ಕೊಳವೂ ಮೆಟ್ಟಿಲಿಳಿದು ಹೋಗುವಷ್ಟು ತಗ್ಗಿನಲ್ಲಿದೆ. 1762ರಲ್ಲಿ ಮುಗಿದ ಈ ರಚನೆಯಲ್ಲಿ ಕೊರತೆಯೇ ಸೊಬಗಾಗಿದೆ.

ಬೆಂಗಳೂರಿಗೆ ನೀರು ತಾನಾಗಿ ಹರಿದು ಬರುವ ಆ ಅನುಕೂಲವೂ ಇಲ್ಲ. ಊರು ಇರುವುದೇ ಸುಮಾರು 900 ಮೀ. ಎತ್ತರದಲ್ಲಿ. 1896ರಲ್ಲಿ ಬಂದ ಹೆಸರಘಟ್ಟ ಕೆರೆಯ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿ ಪಂಪಿನಿಂದ ಎತ್ತಬೇಕಾಯಿತು. 1974ರಿಂದ ಬರುತ್ತಿರುವ ಕಾವೇರಿ ನೀರೂ ಮೂರು ಹಂತಗಳಲ್ಲಿ ಸುಮಾರು 500 ಮೀ. ಮೇಲೇರಿಯೇ ಬರುತ್ತದೆ. ಇಷ್ಟು ಖರ್ಚಿನ ನೀರು ಕಾರಂಜಿಯಲ್ಲಿ ಸೋರಿಹೋಗಬಾರದು.

ಒಂದು ಲೆಕ್ಕ ಮಾಡಿ ನೋಡಿ. ವೇಗ = √(2gh); ಇಲ್ಲಿ h ಎಂದರೆ ತೂತಿನಿಂದ ಮೂಲದ ನೀರಿನ ಮಟ್ಟಕ್ಕಿರುವ ಎತ್ತರ, g ಎಂದರೆ ಗುರುತ್ವ ವೇಗೋತ್ಕರ್ಷ (ಸುಮಾರು 9.8 ಮೀ./ಸೆ.²). ಎತ್ತರ 4 ಮೀ. ಇದ್ದರೆ ವೇಗ ಸೆಕೆಂಡಿಗೆ ಸುಮಾರು 8.9 ಮೀ. ನಾಜಲ್‌ನಲ್ಲಿ (ನೀರು ಚಿಮ್ಮುವ ಮೂತಿಯಲ್ಲಿ) 12 ಮಿ.ಮೀ. ತೂತು, ಅಂಚು ಚೂಪಾಗಿದ್ದು ಹರಿವಿನ ಗುಣಾಂಕ (ಲೆಕ್ಕದ ಹರಿವಿನಲ್ಲಿ ನಿಜವಾಗಿ ಹೊರಬರುವ ಪಾಲು) 0.6 ಎಂದಿಟ್ಟುಕೊಂಡರೆ ನಿಮಿಷಕ್ಕೆ ಸುಮಾರು 36 ಲೀಟರು. ಬೋರ್‌ವೆಲ್‌ನ ಗಡಸು ನೀರಿನ ಸುಣ್ಣ ಕಟ್ಟಿ ತೂತು 9 ಮಿ.ಮೀ.ಗೆ ಇಳಿದರೆ ಅದು ಸುಮಾರು 20 ಲೀಟರಿಗೆ ಬೀಳುತ್ತದೆ. ಪಂಪು ದುರ್ಬಲವಾಯಿತೆಂದು ಹೊಸದು ತರುವ ಮುನ್ನ ನಾಜಲ್ ಬಿಚ್ಚಿ ನೋಡಿ. ಸುಣ್ಣ ತೆಗೆಯಲು ಅಮೃತಶಿಲೆಯ ಮೇಲೆ ಆಸಿಡ್ ಮಾತ್ರ ಬೇಡ, ಆ ಕಲ್ಲೇ ಕ್ಯಾಲ್ಸಿಯಂ ಕಾರ್ಬೊನೇಟು.

ಸೋರಿಕೆ ಪತ್ತೆಗೆ ಬಕೆಟ್ ಸಾಕು. ಪಂಪು ನಿಲ್ಲಿಸಿ, ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತುಂಬಿ ಒಳಮೆಟ್ಟಿಲ ಮೇಲಿಡಿ. ಎರಡರಲ್ಲೂ ನೀರಿನ ಗೆರೆ ಗುರುತಿಸಿ 24 ಗಂಟೆ ಬಿಡಿ. ಬಕೆಟ್ಟಿನಲ್ಲಿ ಇಳಿದದ್ದು ಆವಿ, ತೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಇಳಿದದ್ದು ಸೋರಿಕೆ. 6 ಮೀ. ವ್ಯಾಸದ ತೊಟ್ಟಿಯಲ್ಲಿ ಒಂದೇ ಸೆಂ.ಮೀ. ಎಂದರೆ ಸುಮಾರು 283 ಲೀಟರು! ಪಂಪು ಓಡುವಾಗ ಮಾತ್ರ ಮಟ್ಟ ಬೇಗ ಇಳಿದರೆ ಪೈಪು ನೋಡಿ, ಇಲ್ಲವೇ ಗಾಳಿಗೆ ಹನಿ ಹೊರಗೆ ಹಾರುತ್ತಿರಬಹುದು.

ಬಿರುಕಿಗೆ ಸಿಮೆಂಟ್ ಮೆತ್ತುವುದು ದೊಡ್ಡ ಹಾನಿ. ಸುಣ್ಣ-ಸುರ್ಕಿ (ಇಟ್ಟಿಗೆ ಪುಡಿ) ಗಾರೆ ತೇವವನ್ನು ಹೊರಬಿಡುತ್ತದೆ. ಸಿಮೆಂಟ್ ತಡೆದರೆ ಆ ತೇವ ಪಕ್ಕದ ಇಟ್ಟಿಗೆಯೊಳಗೆ ನಿಂತು ಮೈ ಪುಡಿಯಾಗಿಸುತ್ತದೆ. ಸಂದಿನ ಸಡಿಲ ಗಾರೆ ಕೆರೆದು, ನೀರು ಚಿಮುಕಿಸಿ, ಸುಣ್ಣದ ಗಾರೆಯನ್ನೇ ತೆಳು ಪದರಗಳಲ್ಲಿ ತುಂಬಿ. ಒಣಗದಂತೆ ಹಸಿ ಗೋಣಿ ಹೊದಿಸಿಡಿ.